ಪನಾಮಾ ಕಾಲುವೆಯ ಮೇಲಿನ ‘ಅಮೆರಿಕಗಳ ಸೇತುವೆ’: ಒಂದು ಚಾರಿತ್ರಿಕ ಅವಲೋಕನ

ಪನಾಮಾ ಕಾಲುವೆಯ ಚರಿತ್ರೆಯನ್ನು ಸಾಮಾನ್ಯವಾಗಿ ಹಡಗುಗಳ ದೃಷ್ಟಿಯಿಂದಲೇ ನಿರೂಪಿಸಲಾಗುತ್ತದೆ. 1914ರ ಆಗಸ್ಟ್ 15ರಂದು ಸಂಚಾರಕ್ಕೆ ತೆರೆದ, ಸುಮಾರು 80 ಕಿ.ಮೀ. ಉದ್ದದ ಈ ಜಲಮಾರ್ಗವು ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ನಡುವಣ ಯಾನವನ್ನು ಸಾವಿರಾರು ಮೈಲಿಗಳಷ್ಟು ತಗ್ಗಿಸಿತು. ಆದರೆ ಸಾಗರಗಳನ್ನು ಕೂಡಿಸಿದ ಈ ಕಾಲುವೆಯೇ ಒಂದು ಚಿಕ್ಕ ಗಣರಾಜ್ಯದ ನೆಲವನ್ನು ಎರಡಾಗಿ ಸೀಳಿತು. ರಾಜಧಾನಿ ಪನಾಮಾ ನಗರವೂ ಅಟ್ಲಾಂಟಿಕ್ ತೀರದ ಕೊಲೋನ್ ನಗರವೂ ಕಾಲುವೆಯ ಪೂರ್ವಕ್ಕೆ ಉಳಿದವು. ಚಿರಿಕಿ, ವೆರಾಗ್ವಾಸ್, ಕೊಕ್ಲೆ ಮೊದಲಾದ ಕೃಷಿಪ್ರಧಾನ ಪ್ರಾಂತಗಳು ಪಶ್ಚಿಮಕ್ಕೆ ಉಳಿದವು. ಈ ಎರಡು ಭಾಗಗಳನ್ನು ಮತ್ತೆ ಬೆಸೆಯುವ ಹೊಣೆ ಯಾರದು, ಬೆಸೆದ ಸೇತುವೆಗೆ ಹೆಸರಿಡುವ ಹಕ್ಕು ಯಾರದು ಎಂಬ ಪ್ರಶ್ನೆಗಳು ಪನಾಮಾದ ಇಪ್ಪತ್ತನೆಯ ಶತಮಾನದ ರಾಜಕೀಯ ಚರಿತ್ರೆಯೊಂದಿಗೆ ಹೆಣೆದುಕೊಂಡಿವೆ. 1962ರಲ್ಲಿ ಬಾಲ್ಬೋವಾ ಬಳಿ ಲೋಕಾರ್ಪಣೆಗೊಂಡ ‘ಅಮೆರಿಕಗಳ ಸೇತುವೆ’ಯ ಕಥನವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಕಡವಿನ ಕಾಲ

ಕೊಲಂಬಿಯಾದಿಂದ 1903ರ ನವೆಂಬರ್ 3ರಂದು ಬೇರ್ಪಟ್ಟ ಪನಾಮಾ, ಅದೇ ತಿಂಗಳ 18ರಂದು ಅಮೆರಿಕ ಸಂಯುಕ್ತ ಸಂಸ್ಥಾನದೊಂದಿಗಿನ ಹೇ–ಬ್ಯುನೋ ವಾರಿಯಾ ಒಪ್ಪಂದಕ್ಕೆ ಒಳಪಟ್ಟಿತು. ಅದರಂತೆ ಕಾಲುವೆಯ ಇಕ್ಕೆಲಗಳಲ್ಲಿ ಒಟ್ಟು 10 ಮೈಲಿ ಅಗಲದ ವಲಯವು ಶಾಶ್ವತವಾಗಿ ಅಮೆರಿಕದ ಅಧೀನಕ್ಕೆ ಬಂದಿತು. ಆ ವಲಯದಲ್ಲಿ ಅಮೆರಿಕವು ಸಾರ್ವಭೌಮ ಪ್ರಭುವಿನಂತೆಯೇ ಅಧಿಕಾರ ನಡೆಸಬಹುದಾಗಿತ್ತು. ಹೀಗಾಗಿ ತನ್ನ ದೇಶದ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಪನಾಮಾದ ಪ್ರಜೆ, ನಡುವೆ ಪರಕೀಯ ಆಡಳಿತದ ನೆಲವನ್ನೂ ನೀರನ್ನೂ ದಾಟಬೇಕಾಗಿತ್ತು.

ಆರಂಭದ ವರ್ಷಗಳಲ್ಲಿ ಈ ದಾಟುವಿಕೆಗೆ ಬಾರ್ಜುಗಳೇ ಗತಿಯಾಗಿದ್ದವು. ಮೋಟಾರು ವಾಹನಗಳ ಸಂಖ್ಯೆ ಹೆಚ್ಚಿ, ಚಿರಿಕಿಯ ಕಡೆಗೆ ಹೊಸ ರಸ್ತೆ ನಿರ್ಮಾಣಗೊಂಡಂತೆ, 1930ರ ದಶಕದ ಮೊದಲ ವರ್ಷಗಳಲ್ಲಿ ಕಾಲುವೆಯ ಪೆಸಿಫಿಕ್ ತುದಿಯಲ್ಲಿ ನಿಯತವಾದ ಫೆರಿ ವ್ಯವಸ್ಥೆ ಏರ್ಪಟ್ಟಿತು. ಇದಕ್ಕೆ ಮಾರಿಸ್ ಥ್ಯಾಚರ್ ಅವರ ಹೆಸರನ್ನಿಡಲಾಯಿತು. ಕಾಲುವೆಯ ನಿರ್ಮಾಣ ಕಾಲದ ಆಯೋಗದಲ್ಲಿ ಸದಸ್ಯರಾಗಿದ್ದ ಥ್ಯಾಚರ್, ಮುಂದೆ ಕೆಂಟಕಿ ರಾಜ್ಯದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾಗಿ, ಈ ಫೆರಿಗೆ ಅಗತ್ಯವಾದ ಶಾಸನವನ್ನು ಮುಂದಿಟ್ಟವರು. 1942ರಲ್ಲಿ ಮಿರಾಫ್ಲೋರೆಸ್ ಲಾಕ್‌ಗಳ ಬಳಿ ತಿರುಗು ಸೇತುವೆಯೊಂದು ಸಿದ್ಧವಾಯಿತು. ಆದರೆ ಅಲ್ಲಿ ಹಡಗಿಗೇ ಮೊದಲ ಆದ್ಯತೆ. ಹಡಗು ಬಂದಾಗ ಸೇತುವೆ ತೆರೆದುಕೊಳ್ಳುತ್ತಿತ್ತು, ರಸ್ತೆಯ ಜನ ಕಾಯುತ್ತಿದ್ದರು. ಯಾರ ಸಂಚಾರ ಮುಖ್ಯ ಎಂಬ ಪ್ರಶ್ನೆಗೆ ಈ ನಿತ್ಯದ ಕಾಯುವಿಕೆಯೇ ಉತ್ತರವಾಗಿತ್ತು.

ವಾಗ್ದಾನದಿಂದ ನಿರ್ಮಾಣಕ್ಕೆ

ಸೇತುವೆಯು ಪನಾಮಾಕ್ಕೆ ದೊರೆತ ಕೊಡುಗೆಯೆಂದು ಭಾವಿಸುವುದು ಸರಿಯಾಗದು. ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ, 1942ರ ಮೇ 18ರಂದು, ಕಾಲುವೆ ವಲಯದ ಹೊರಗೂ ನೂರಕ್ಕೂ ಹೆಚ್ಚು ರಕ್ಷಣಾ ನೆಲೆಗಳನ್ನು ಬಳಸಿಕೊಳ್ಳಲು ಪನಾಮಾ ಅಮೆರಿಕಕ್ಕೆ ಸಮ್ಮತಿ ನೀಡಿತು. ಜೊತೆಯಲ್ಲೇ ಆದ ಇನ್ನೊಂದು ಒಪ್ಪಂದದಲ್ಲಿ, ಬಾಲ್ಬೋವಾ ಬಳಿ ಕಾಲುವೆಯ ಮೇಲೆ ಸೇತುವೆಯನ್ನಾಗಲೀ ಅದರ ಕೆಳಗೆ ಸುರಂಗವನ್ನಾಗಲೀ ನಿರ್ಮಿಸಿಕೊಡುವ ಹೊಣೆಯನ್ನು ಅಮೆರಿಕ ಒಪ್ಪಿಕೊಂಡಿತು. ಯುದ್ಧ ಮುಗಿದರೂ ಈ ಮಾತು ಕಾಗದದಲ್ಲೇ ಉಳಿಯಿತು. 1955ರ ಜನವರಿ 25ರಂದು ಸಹಿಯಾದ ರೆಮೋನ್–ಐಸೆನ್‌ಹೋವರ್ ಒಪ್ಪಂದದ ವೇಳೆ ಹಳೆಯ ವಾಗ್ದಾನವನ್ನು ಮತ್ತೆ ಸ್ಪಷ್ಟಪಡಿಸಲಾಯಿತು. ಒಪ್ಪಂದಕ್ಕಾಗಿ ಶ್ರಮಿಸಿದ್ದ ಪನಾಮಾದ ಅಧ್ಯಕ್ಷ ಹೋಸೆ ರೆಮೋನ್ ಅದನ್ನು ಕಾಣಲಿಲ್ಲ; ಅದೇ ತಿಂಗಳ 2ರಂದು ಅವರ ಹತ್ಯೆಯಾಗಿತ್ತು. 1956ರಲ್ಲಿ ಅಮೆರಿಕದ ಕಾಂಗ್ರೆಸ್ 2 ಕೋಟಿ ಡಾಲರುಗಳ ಮಿತಿಯಲ್ಲಿ ಸೇತುವೆಯ ನಿರ್ಮಾಣಕ್ಕೆ ಅನುಮತಿ ನೀಡಿತು. 1958ರ ಡಿಸೆಂಬರ್ 23ರಂದು ಅಧ್ಯಕ್ಷ ಎರ್ನೆಸ್ತೋ ದೆ ಲಾ ಗ್ವಾರ್ದಿಯಾ ಹಾಗೂ ಅಮೆರಿಕದ ರಾಯಭಾರಿಯ ಸಮ್ಮುಖದಲ್ಲಿ ಭೂಮಿ ಅಗೆಯುವ ವಿಧಿ ನೆರವೇರಿತು.

ತಾಂತ್ರಿಕವಾಗಿ ಇದು ಆ ಕಾಲದ ಗಮನಾರ್ಹ ಸಾಧನೆ. ಸ್ವರ್ಡ್ರಪ್ ಮತ್ತು ಪಾರ್ಸೆಲ್ ಸಂಸ್ಥೆ ವಿನ್ಯಾಸಗೊಳಿಸಿದ ಈ ಉಕ್ಕಿನ ಸೇತುವೆಯ ಒಟ್ಟು ಉದ್ದ 1,654 ಮೀಟರ್. ಕಾಂಕ್ರೀಟ್ ಕಂಬಗಳ ಮೇಲೆ ಹಬ್ಬಿದ 14 ಅಂಕಣಗಳಲ್ಲಿ ನಡುವಿನದು 344 ಮೀಟರ್ ಅಗಲವಾಗಿದ್ದು, ಹಡಗಿನ ದಾರಿಯಲ್ಲಿ ಕಂಬವೇ ಇಲ್ಲದಂತೆ ಯೋಜಿಸಲಾಗಿದೆ. ಎರಡೂ ಬದಿಯಿಂದ ಚಾಚಿಕೊಂಡ ಕ್ಯಾಂಟಿಲಿವರ್ ತೋಳುಗಳು ನಡುವಿನ ಉಕ್ಕಿನ ಕಮಾನನ್ನು ಹೊತ್ತಿವೆ. ಪೆಸಿಫಿಕ್ ಸಾಗರದ ಉಬ್ಬರವಿಳಿತ ಇಲ್ಲಿ ತೀವ್ರವಾದುದರಿಂದ ಎತ್ತರದ ನಿರ್ಣಯ ಮುಖ್ಯವಾಗಿತ್ತು. ಉಬ್ಬರದ ವೇಳೆ ನೀರಿನ ಮಟ್ಟದಿಂದ ಸೇತುವೆಯ ಅಡಿಭಾಗದವರೆಗೆ 61.3 ಮೀಟರ್ ತೆರವು ದೊರೆಯುತ್ತದೆ. ತಿರುಗು ಸೇತುವೆಯಲ್ಲಿದ್ದ ಹಡಗು ಮತ್ತು ರಸ್ತೆಯ ಸ್ಪರ್ಧೆ ಈ ಎತ್ತರದಿಂದ ಕೊನೆಗೊಂಡಿತು.

ಹೆಸರಿನ ವಿವಾದ

ಸೇತುವೆ ಮೇಲೇಳುತ್ತಿದ್ದಂತೆಯೇ ಅದರ ಹೆಸರು ವಿವಾದವಾಯಿತು. ಅದು ತೆರವುಗೊಳಿಸಲಿದ್ದ ಫೆರಿಯ ಹೆಸರನ್ನೇ ಉಳಿಸಿಕೊಂಡು ಅಮೆರಿಕವು ಅದನ್ನು ‘ಥ್ಯಾಚರ್ ಫೆರಿ ಸೇತುವೆ’ ಎಂದು ಕರೆಯಿತು. ಪನಾಮಾದ ರಾಷ್ಟ್ರೀಯ ಸಭೆಯು ಉದ್ಘಾಟನೆಗೆ ಹತ್ತು ದಿನ ಮುಂಚೆ, 1962ರ ಅಕ್ಟೋಬರ್ 2ರಂದು, ‘ಅಮೆರಿಕಗಳ ಸೇತುವೆ’ ಎಂಬುದೇ ಅದರ ಏಕೈಕ ಹೆಸರೆಂದು ನಿರ್ಣಯಿಸಿತು. ಬೇರೆ ಹೆಸರನ್ನು ಬಳಸಿದ ಯಾವುದೇ ದಾಖಲೆಯನ್ನು ಸರ್ಕಾರಿ ಅಧಿಕಾರಿಗಳು ತಿರಸ್ಕರಿಸಬೇಕೆಂದೂ ಅದರಲ್ಲಿ ವಿಧಿಸಲಾಯಿತು. ಅಕ್ಟೋಬರ್ 12ರ ಸಮಾರಂಭದಲ್ಲಿ ಎರಡೂ ದೇಶಗಳ ರಾಷ್ಟ್ರಗೀತೆಗಳು ಮೊಳಗಿದವು. ಆದರೆ ಪಟ್ಟಿ ಕತ್ತರಿಸಿದವರು 92 ವರ್ಷದ ಥ್ಯಾಚರ್ ಅವರೇ.

ಈ ಸಂದರ್ಭಕ್ಕೆ ಸಂಬಂಧಿಸಿದ ಒಂದು ಅಂಚೆಚೀಟಿಯ ಪ್ರಸಂಗವೂ ಉಲ್ಲೇಖಾರ್ಹ. ಕಾಲುವೆ ವಲಯದ ಆಡಳಿತವು ಉದ್ಘಾಟನೆಯ ಅಂಗವಾಗಿ ‘ಥ್ಯಾಚರ್ ಫೆರಿ ಸೇತುವೆ’ ಹೆಸರಿನಲ್ಲಿ 4 ಸೆಂಟ್ ಬೆಲೆಯ ಚೀಟಿಯನ್ನು ಹೊರತಂದಿತು. ಕೆಲವು ಹಾಳೆಗಳಲ್ಲಿ ಬೆಳ್ಳಿ ಬಣ್ಣದ ಮುದ್ರಣ ತಪ್ಪಿಹೋಗಿ, ಸೇತುವೆಯೇ ಇಲ್ಲದ ಚೀಟಿಗಳು ಅಚ್ಚಾದವು. ಬೆಲೆ ಕುಗ್ಗಿಸಲು ಅದೇ ದೋಷವನ್ನು ಉದ್ದೇಶಪೂರ್ವಕವಾಗಿ ಮರುಮುದ್ರಿಸಲು ಆಡಳಿತ ಹೊರಟಾಗ, ದೋಷಯುಕ್ತ ಹಾಳೆಯನ್ನು ಪಡೆದಿದ್ದ ಬಾಸ್ಟನ್ನಿನ ವ್ಯಾಪಾರಿಯೊಬ್ಬರು ನ್ಯಾಯಾಲಯದ ಮೊರೆಹೊಕ್ಕು ಗೆದ್ದರು. ಇಂದು ಅಂಚೆಚೀಟಿ ಸಂಗ್ರಾಹಕರ ವಲಯದಲ್ಲಿ ಥ್ಯಾಚರ್ ಹೆಸರು ಉಳಿದಿರುವುದು ಬಹುಮಟ್ಟಿಗೆ ಈ ಸೇತುವೆಯಿಲ್ಲದ ಚೀಟಿಯ ಮೂಲಕ.

ಹೆಸರಿನ ಕಲಹವನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದೆಂಬುದಕ್ಕೆ ಮುಂದಿನ ಘಟನೆಗಳು ಸಾಕ್ಷಿ. ಸೇತುವೆ ತೆರೆದು ಹದಿನೈದು ತಿಂಗಳು ತುಂಬುವ ಮೊದಲೇ, 1964ರ ಜನವರಿ 9ರಂದು, ಬಾಲ್ಬೋವಾದ ಪ್ರೌಢಶಾಲೆಯ ಆವರಣದಲ್ಲಿ ಪನಾಮಾದ ಧ್ವಜ ಹಾರಿಸುವ ವಿಷಯದಲ್ಲಿ ವಿದ್ಯಾರ್ಥಿಗಳ ನಡುವೆ ಘರ್ಷಣೆಯಾಯಿತು. ಧ್ವಜ ಹರಿದ ಸುದ್ದಿ ಹಬ್ಬಿ ಗಲಭೆ ಭುಗಿಲೆದ್ದು, ಇಪ್ಪತ್ತಕ್ಕೂ ಹೆಚ್ಚು ಪನಾಮಾದವರೂ ನಾಲ್ವರು ಅಮೆರಿಕದ ಸೈನಿಕರೂ ಪ್ರಾಣ ಕಳೆದುಕೊಂಡರು. ಪನಾಮಾ ಕೆಲಕಾಲ ಅಮೆರಿಕದೊಂದಿಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಹೆಸರು ಮತ್ತು ಧ್ವಜ ಎರಡರ ಹಿಂದೆಯೂ ಇದ್ದುದು ಈ ನೆಲದ ಒಡೆಯರು ಯಾರೆಂಬ ಒಂದೇ ಪ್ರಶ್ನೆ. 1977ರ ಸೆಪ್ಟೆಂಬರ್ 7ರ ಟೊರ್ರಿಹೋಸ್–ಕಾರ್ಟರ್ ಒಪ್ಪಂದಗಳು ಅದಕ್ಕೆ ಉತ್ತರ ನೀಡಿದವು. 1979ರ ಅಕ್ಟೋಬರ್ 1ರಂದು ಕಾಲುವೆ ವಲಯ ರದ್ದಾಯಿತು. 1999ರ ಡಿಸೆಂಬರ್ 31ರಂದು ಕಾಲುವೆ ಪೂರ್ಣವಾಗಿ ಪನಾಮಾದ ವಶವಾಯಿತು. ಪನಾಮಾದ ಜನ ಆರಂಭದಿಂದ ಬಳಸಿದ ಹೆಸರೇ ಸೇತುವೆಗೆ ನಿಂತಿತು.

ಹೆಸರಿನ ವ್ಯಾಪ್ತಿ, ಸೇತುವೆಯ ಮಿತಿ

ಉಳಿದುಕೊಂಡ ಈ ಹೆಸರನ್ನೂ ವಿಮರ್ಶಿಸಿ ನೋಡಬೇಕಾಗಿದೆ. ಸೇತುವೆಯು ಪ್ಯಾನ್-ಅಮೆರಿಕನ್ ಹೆದ್ದಾರಿಯ ಕೊಂಡಿಯೆಂಬುದು ನಿಜ. ಆದರೆ ಆ ಹೆದ್ದಾರಿ ಪನಾಮಾದ ಪೂರ್ವದಲ್ಲಿ ದಾರಿಯೆನ್ ಅರಣ್ಯದ ಬಳಿ ಕಡಿದುಹೋಗುತ್ತದೆ. ಅಲ್ಲಿಂದ ಕೊಲಂಬಿಯಾಕ್ಕೆ ರಸ್ತೆಯಿಲ್ಲ. ಆದುದರಿಂದ ಸೇತುವೆಯು ವಾಸ್ತವವಾಗಿ ಬೆಸೆದದ್ದು ಎರಡು ಖಂಡಗಳನ್ನೆನ್ನುವುದಕ್ಕಿಂತ, ಪನಾಮಾದ ಪಶ್ಚಿಮ ಪ್ರಾಂತಗಳನ್ನು ಅವುಗಳ ರಾಜಧಾನಿಯೊಂದಿಗೆ ಎನ್ನುವುದು ಹೆಚ್ಚು ಸಮಂಜಸ.

ಸೇತುವೆಯ ಯಶಸ್ಸೇ ಅದಕ್ಕೆ ಭಾರವಾಯಿತು. 2004ರ ವೇಳೆಗೆ ದಿನಕ್ಕೆ ಸುಮಾರು 35,000 ವಾಹನಗಳು ಅದನ್ನು ದಾಟುತ್ತಿದ್ದವು. ಆ ವರ್ಷ ಉತ್ತರದಲ್ಲಿ ಶತಮಾನೋತ್ಸವ ಸೇತುವೆ ಉದ್ಘಾಟನೆಗೊಂಡಿತು. ಹಡಗುಗಳಿಗೂ ಇದರ ಎತ್ತರ ಒಂದು ಗಡಿಯಾಗಿದೆ: 2016ರಲ್ಲಿ ದೊಡ್ಡ ಲಾಕ್‌ಗಳು ತೆರೆದ ಮೇಲೂ, ಕಾಲುವೆಗೆ ಬರುವ ಹಡಗು ನೀರಿನಿಂದ ಮೇಲೆ ಎಷ್ಟು ಎತ್ತರವಿರಬಹುದೆಂಬುದನ್ನು 1962ರ ಈ ಉಕ್ಕಿನ ರಚನೆಯೇ ನಿಯಂತ್ರಿಸುತ್ತದೆ.

ಅಟ್ಲಾಂಟಿಕ್ ತುದಿಯಲ್ಲಿ ಕಡವಿನ ಕಾಲ ಇನ್ನೂ ದೀರ್ಘವಾಗಿ ಮುಂದುವರಿಯಿತು. ಕೊಲೋನ್ ಪ್ರಾಂತದ ಪಶ್ಚಿಮ ಕರಾವಳಿಯ ಜನರು ಗಾತೂನ್ ಲಾಕ್‌ಗಳ ಕಿರಿದಾದ ದಾರಿಯನ್ನೂ ಫೆರಿಯನ್ನೂ ನೆಚ್ಚಿಕೊಂಡಿದ್ದರು. 530 ಮೀಟರ್ ಅಗಲದ ನಡು ಅಂಕಣವುಳ್ಳ ಅಟ್ಲಾಂಟಿಕ್ ಸೇತುವೆ ಅವರಿಗಾಗಿ ತೆರೆದದ್ದು 2019ರ ಆಗಸ್ಟ್ 2ರಂದು. ಅದನ್ನು ಕಟ್ಟಿಸಿದ್ದು ಪನಾಮಾದ್ದೇ ಆದ ಕಾಲುವೆ ಪ್ರಾಧಿಕಾರ. ಅದರ ಹೆಸರಿನ ಬಗ್ಗೆ ಹೊರಗಿನ ಯಾವ ಸರ್ಕಾರದ ಮಾತೂ ಬೇಕಾಗಲಿಲ್ಲ. 1914ರಲ್ಲಿ ಸೀಳಿಹೋದ ನೆಲವನ್ನು ಎರಡೂ ತುದಿಗಳಲ್ಲಿ ಬೆಸೆಯಲು ಹೀಗೆ 105 ವರ್ಷಗಳು ಬೇಕಾದವು. ಕಾಲುವೆಯ ಚರಿತ್ರೆಯನ್ನು ಬರೆಯುವಾಗ ಹಡಗುಗಳು ಉಳಿಸಿಕೊಂಡ ದಿನಗಳ ಜೊತೆಗೆ, ದಡದಲ್ಲಿ ಕಾದವರ ಈ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.