ಗಣಕಯಂತ್ರದ ಶಕೆ

ಐಹೊಳೆಯ ಮೇಗುತಿ ಬಸದಿಯ ಶಾಸನದಲ್ಲಿ ಕವಿ ರವಿಕೀರ್ತಿಯು ತನ್ನ ಕಾಲವನ್ನು ಎರಡು ಬಗೆಯಾಗಿ ಹೇಳಿದ್ದಾನೆ. ಭಾರತ ಯುದ್ಧವಾಗಿ 3735 ವರ್ಷ, ಶಕರಾಜರ ಲೆಕ್ಕದಲ್ಲಿ 556 ವರ್ಷ. ಒಂದರಲ್ಲಿ ಇನ್ನೊಂದನ್ನು ಕಳೆದರೆ 3179. ಕಲಿವರ್ಷಕ್ಕೂ ಶಕವರ್ಷಕ್ಕೂ ಇರುವ ಅಂತರ ಅದೇ. ಆದುದರಿಂದಲೇ ಆ ಬರಹವನ್ನು ನಾವು ಕ್ರಿ. ಶ. 634ರದೆಂದು ಧೈರ್ಯವಾಗಿ ಹೇಳುತ್ತೇವೆ. ಬರೀ 556 ಎಂದು ಕೆತ್ತಿಸಿ ಸುಮ್ಮನಾಗಿದ್ದರೆ, ಎಲ್ಲಿಂದ ಎಣಿಸಿದ 556 ಎಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಿದ್ದರೇನೋ!

ಗಣಕಯಂತ್ರದ ಪಾಡೂ ಇದೇ. ಅದಕ್ಕೆ ಚೈತ್ರವೂ ತಿಳಿಯದು, ಜನವರಿಯೂ ತಿಳಿಯದು. ಅದರ ಹೊಟ್ಟೆಯೊಳಗೆ ಇರುವುದು ಒಂದೇ ಅಂಕಿ: ಗೊತ್ತಾದ ಒಂದು ಕ್ಷಣದಿಂದ ಇಲ್ಲಿಯವರೆಗೆ ಕಳೆದ ಸೆಕೆಂಡುಗಳು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರು ರಚಿಸಿದ ಯುನಿಕ್ಸ್ ವ್ಯವಸ್ಥೆಯಿಂದ ಈ ಪದ್ಧತಿ ಹರಡಿತು. 1971ರ ನವೆಂಬರಿನ ಕೈಪಿಡಿಯ ಪ್ರಕಾರ ಎಣಿಕೆ ಆರಂಭವಾದದ್ದು 1971ರ ಜನವರಿ 1ರಿಂದ, ಅದೂ ಸೆಕೆಂಡಿನ ಅರವತ್ತನೆಯ ಒಂದು ಭಾಗದ ಲೆಕ್ಕದಲ್ಲಿ. ಅಂಕಿಗೆ ಮೀಸಲಾಗಿದ್ದುದು 32 ಬಿಟ್‌ಗಳು ಮಾತ್ರ. ಅವು 828 ದಿನಗಳಲ್ಲಿ ತುಂಬಿ ಹೋಗುತ್ತಿದ್ದವು. ಮುಂದಿನ ಒಂದು ಕೈಪಿಡಿಯಲ್ಲಿ ಆರಂಭವನ್ನು 1972ಕ್ಕೆ ಸರಿಸಿದರು. ಕೊನೆಗೆ 1973ರಲ್ಲಿ ಪೂರ್ಣ ಸೆಕೆಂಡುಗಳನ್ನೇ ಎಣಿಸುವುದೆಂದೂ 1970ರ ಜನವರಿ 1, ಗ್ರೀನಿಚ್ ಮಧ್ಯರಾತ್ರಿಯೇ ಮೊದಲೆಂದೂ ಆಯಿತು. ಯಾವ ರಾಜನ ಪಟ್ಟಾಭಿಷೇಕವೂ ಅಂದು ಆಗಿರಲಿಲ್ಲ, ಯಾವ ಗ್ರಹಕೂಟವೂ ಇರಲಿಲ್ಲ. ನಮ್ಮ ಗಡಿಯಾರದಲ್ಲಿ ಆಗ ಬೆಳಗಿನ 5.30. ಕೆಟ್ಟ ಯಂತ್ರಗಳು ಕೆಲವೊಮ್ಮೆ ಕಾರಣವಿಲ್ಲದೆ ಆ ಬೆಳಗಿನ ತಾರೀಖನ್ನೇ ತೋರಿಸುವುದು ಇದರಿಂದ.

ಅಂಕಿಯನ್ನು ತಾರೀಖಾಗಿಸುವ ಕ್ರಮ ಕಷ್ಟದ್ದಲ್ಲ. ನೂರು ಕೋಟಿ ಸೆಕೆಂಡುಗಳನ್ನು ದಿನವೊಂದರ 86,400ರಿಂದ ಭಾಗಿಸಿದರೆ 11,574 ದಿನ, ಮೇಲೆ 6,400 ಸೆಕೆಂಡು. 1970ರಿಂದ 2000ದವರೆಗಿನ 31 ವರ್ಷಗಳಿಗೆ, 8 ಅಧಿಕ ದಿನ ಸೇರಿ, 11,323 ದಿನ. ಉಳಿದ 251ರಲ್ಲಿ ಆಗಸ್ಟ್ ಕೊನೆಯವರೆಗಿನ 243 ಕಳೆದರೆ 8. ಅಂದರೆ 2001ರ ಸೆಪ್ಟೆಂಬರ್ 9, ಭಾರತದ ವೇಳೆಯಲ್ಲಿ ಬೆಳಗಿನ 7 ಗಂಟೆ 16 ನಿಮಿಷ 40 ಸೆಕೆಂಡು.

ಪಂಚಾಂಗ ಬಲ್ಲ ವಾಚಕರಿಗೆ ಇದು ಅಹರ್ಗಣವೆಂದು ಹೊಳೆದಿರಬೇಕು. ಕ್ರಿ. ಪೂ. 3102ರ ಫೆಬ್ರವರಿ 18, ಶುಕ್ರವಾರದಿಂದ ದಿನಗಳನ್ನು ಎಣಿಸಿ ಗ್ರಹಗತಿ ತೆಗೆಯುವುದು ನಮ್ಮ ಜ್ಯೋತಿಷಿಗಳ ಹಳೆಯ ಪದ್ಧತಿ. ಆ ಲೆಕ್ಕದಲ್ಲಿ 1970ರ ಜನವರಿ 1ಕ್ಕೆ 18,52,122 ದಿನಗಳು ಸಂದಿದ್ದವು. ಏಳರಿಂದ ಭಾಗಿಸಿದರೆ ಶೇಷ 6; ಶುಕ್ರವಾರದಿಂದ ಆರು ದಿನ ಮುಂದೆ ಎಣಿಸಿದರೆ ಗುರುವಾರ. ಅಂದು ಗುರುವಾರವೇ ಆಗಿತ್ತು! ನಮ್ಮ ಹಿರಿಯರ ಎಣಿಕೆಗೆ ಮನೆಗಳ ಮಿತಿ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಯಂತ್ರಕ್ಕೆ ಆ ಮಿತಿ ಇದೆ. 32 ಬಿಟ್‌ಗಳಲ್ಲಿ ಒಂದು ಋಣ, ಧನ ಚಿಹ್ನೆಗೆ ಹೋಗುವುದರಿಂದ ಹಿಂದಕ್ಕೆ 1901ರ ಡಿಸೆಂಬರ್ 13ರವರೆಗೆ ಮಾತ್ರ ಎಣಿಸಬಹುದು. ನಮ್ಮ ಸಂಘದ ಹಿರಿಯ ಸದಸ್ಯರ ಜನ್ಮದಿನಗಳೆಲ್ಲ ಅಲ್ಲಿ ಋಣ ಸಂಖ್ಯೆಗಳು. 1904ರಲ್ಲಿ ಹುಟ್ಟಿದ ಕುವೆಂಪು ಅದರೊಳಗೆ ಹಿಡಿಸುತ್ತಾರೆ. 1896ರ ಬೇಂದ್ರೆಯವರಿಗೆ ಜಾಗವಿಲ್ಲ. ಮುಂದಕ್ಕಾದರೆ 2038ರ ಜನವರಿ 19, ಮಂಗಳವಾರ, ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಣಿಕೆ ತುಂಬುತ್ತದೆ. ಮರುಕ್ಷಣ ಯಂತ್ರ 1901ಕ್ಕೆ ಹಾರುತ್ತದೆ. 64 ಬಿಟ್‌ಗಳಿಗೆ ಬದಲಾದ ವ್ಯವಸ್ಥೆಗಳಿಗೆ ಈ ಭಯವಿಲ್ಲ. ಆದರೆ ಕಾರ್ಖಾನೆ, ಮಾಪಕಗಳೊಳಗೆ ಕುಳಿತಿರುವ ಹಳೆಯ ಚಿಕ್ಕ ಗಣಕಗಳನ್ನು ಹುಡುಕಿ ತೆಗೆಯುವುದು ಸುಲಭವಲ್ಲ. ಇಂದು 20 ವರ್ಷದ ಗೃಹಸಾಲ ಪಡೆದವರ ಕೊನೆಯ ಕಂತಿನ ತಾರೀಖು ಆಗಲೇ ಆ ಗೆರೆಯ ಆಚೆ ಇದೆ.