ಹ್ಯಾಲೋ: ದಿ ಫಾಲ್ ಆಫ್ ರೀಚ್ (ಕಾದಂಬರಿ)

ಹ್ಯಾಲೋ: ದಿ ಫಾಲ್ ಆಫ್ ರೀಚ್ ಅಮೆರಿಕದ ಲೇಖಕ ಎರಿಕ್ ನೈಲಂಡ್ ಅವರು ಇಂಗ್ಲಿಷಿನಲ್ಲಿ ರಚಿಸಿದ, ಸೈನಿಕ ವಸ್ತುವುಳ್ಳ ವೈಜ್ಞಾನಿಕ ಕಾದಂಬರಿ. ಇದು 2001ರ ಅಕ್ಟೋಬರ್ 30ರಂದು ಡೆಲ್ ರೇ ಪ್ರಕಾಶನದಿಂದ ಹೊರಬಂದಿತು. ಅದೇ ವರ್ಷದ ನವೆಂಬರ್ 15ರಂದು ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಯಂತ್ರದೊಂದಿಗೆ ಬಿಡುಗಡೆಯಾದ, ಬಂಜಿ ಸಂಸ್ಥೆ ರೂಪಿಸಿದ 'ಹ್ಯಾಲೋ: ಕಾಂಬ್ಯಾಟ್ ಇವಾಲ್ವ್ಡ್' ಎಂಬ ವಿಡಿಯೊ ಗೇಮಿಗೆ ಇದು ಪೂರ್ವಕಥೆಯಾಗಿದೆ. ಹ್ಯಾಲೋ ಸರಣಿಯ ಕಾದಂಬರಿಗಳಲ್ಲಿ ಇದೇ ಮೊದಲನೆಯದು. ಆಟವನ್ನು ಆಧರಿಸಿದ ಕಾದಂಬರಿಯೊಂದು ಸ್ವತಂತ್ರ ಕೃತಿಯಾಗಿ ನಿಲ್ಲಬಲ್ಲುದೇ ಎಂಬುದೂ, ಮಕ್ಕಳನ್ನು ಯೋಧರನ್ನಾಗಿ ಬೆಳೆಸುವ ಕಥೆಯನ್ನು ಓದುಗನು ಹೇಗೆ ಸ್ವೀಕರಿಸಬೇಕು ಎಂಬುದೂ ಈ ಕೃತಿಯ ಕುರಿತ ಚರ್ಚೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು.

ಹಿನ್ನೆಲೆ

ಎರಿಕ್ ನೈಲಂಡ್ ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ರಾಸಾಯನಿಕ ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿದವರು. 'ಸಿಗ್ನಲ್ ಟು ನಾಯ್ಸ್' (1998) ಮೊದಲಾದ ಕಾದಂಬರಿಗಳಿಂದ ಆ ವೇಳೆಗಾಗಲೇ ಪರಿಚಿತರಾಗಿದ್ದರು. ಆಟದ ನಿರ್ಮಾಪಕರು ಸಿದ್ಧಪಡಿಸಿದ್ದ ಕಥಾಟಿಪ್ಪಣಿಗಳನ್ನು ಆಧಾರವಾಗಿಟ್ಟುಕೊಂಡು ಸುಮಾರು ಏಳು ವಾರಗಳಲ್ಲಿ ಅವರು ಈ ಕಾದಂಬರಿಯನ್ನು ಬರೆದು ಮುಗಿಸಿದರು.

ಮೊದಲ ಆಟದಲ್ಲಿ ನಾಯಕನಿಗೆ 'ಮಾಸ್ಟರ್ ಚೀಫ್' ಎಂಬ ಹುದ್ದೆಯ ಹೆಸರು ಮಾತ್ರ ಇದೆ. ಅವನ ಮುಖ ಶಿರಸ್ತ್ರಾಣದ ಹಿಂದೆ ಮರೆಯಾಗಿರುತ್ತದೆ. ಬಾಲ್ಯ, ಬಂಧುಬಳಗ, ಊರು ಯಾವುದರ ವಿವರವೂ ಆಟದಲ್ಲಿ ದೊರೆಯುವುದಿಲ್ಲ. ಆ ಕವಚದೊಳಗಿನ ವ್ಯಕ್ತಿಗೆ ಜಾನ್ ಎಂಬ ಹೆಸರನ್ನೂ ಒಂದು ಬಾಲ್ಯವನ್ನೂ ಒದಗಿಸಿದ್ದು ಈ ಕಾದಂಬರಿ.

ಕಥಾವಸ್ತು

ಕಥೆ ನಡೆಯುವುದು 26ನೆಯ ಶತಮಾನದಲ್ಲಿ. ಮಾನವರು ಭೂಮಿಯಿಂದಾಚೆಗೆ ಅನೇಕ ಗ್ರಹಗಳಲ್ಲಿ ನೆಲೆಸಿದ್ದಾರೆ. ಭೂಮಿಯ ಆಡಳಿತದ ವಿರುದ್ಧ ಕೆಲವು ವಸಾಹತುಗಳಲ್ಲಿ ಬಂಡಾಯ ಎದ್ದಿದೆ. ಅದನ್ನು ಅಡಗಿಸಲು ನೌಕಾ ಗುಪ್ತಚರ ವಿಭಾಗದ ವಿಜ್ಞಾನಿ ಡಾ. ಕ್ಯಾಥರೀನ್ ಹಾಲ್ಸಿ 'ಸ್ಪಾರ್ಟನ್-2' ಎಂಬ ರಹಸ್ಯ ಯೋಜನೆಯನ್ನು ರೂಪಿಸುತ್ತಾಳೆ. 2517ರಲ್ಲಿ ಆಕೆ ಯುವ ಅಧಿಕಾರಿ ಜೇಕಬ್ ಕೀಸ್‌ನೊಂದಿಗೆ ಎರಿಡಾನಸ್-2 ಗ್ರಹಕ್ಕೆ ತೆರಳಿ ಆರು ವರ್ಷದ ಜಾನ್‌ನನ್ನು ಶಾಲೆಯ ಆಟದ ಬಯಲಿನಲ್ಲಿ ಭೇಟಿಯಾಗುತ್ತಾಳೆ. ನಾಣ್ಯ ಚಿಮ್ಮಿ, ಅದು ಯಾವ ಮುಖವಾಗಿ ಬೀಳುವುದೆಂದು ಕೇಳುತ್ತಾಳೆ. ಬಾಲಕ ಸರಿಯಾಗಿ ಹೇಳುತ್ತಾನೆ, ನಾಣ್ಯ ಅವನದಾಗುತ್ತದೆ.

ಹೀಗೆ ಆಯ್ಕೆಯಾದ 75 ಮಕ್ಕಳನ್ನು ತಂದೆತಾಯಿಯರಿಗೆ ತಿಳಿಯದಂತೆ ಅಪಹರಿಸಿ, ಅವರ ಸ್ಥಾನದಲ್ಲಿ ತದ್ರೂಪಿ ಶಿಶುಗಳನ್ನು ಇರಿಸಲಾಗುತ್ತದೆ. ಅವಸರದಲ್ಲಿ ಬೆಳೆಸಿದ ಆ ತದ್ರೂಪಿಗಳು ಹೆಚ್ಚು ಕಾಲ ಬದುಕುವುದಿಲ್ಲ. ಅಪಹೃತ ಮಕ್ಕಳು ರೀಚ್ ಗ್ರಹದಲ್ಲಿ ಫ್ರಾಂಕ್ಲಿನ್ ಮೆಂಡೆಜ್ ಎಂಬ ಕಟ್ಟುನಿಟ್ಟಿನ ತರಬೇತುದಾರನ ಕೈಕೆಳಗೆ ಬೆಳೆಯುತ್ತಾರೆ. ಅವರಿಗೆ ಪಾಠ ಹೇಳುವುದು ದೇಜಾ ಎಂಬ ಕೃತಕ ಬುದ್ಧಿಮತ್ತೆ. 2525ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅವರ ದೇಹಶಕ್ತಿಯನ್ನು ಹೆಚ್ಚಿಸುವ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. 30 ಮಕ್ಕಳು ಸಾಯುತ್ತಾರೆ, 12 ಮಂದಿ ಅಂಗವಿಕಲರಾಗುತ್ತಾರೆ, 33 ಮಂದಿ ಮಾತ್ರ ಯುದ್ಧಕ್ಕೆ ಯೋಗ್ಯರಾಗಿ ಉಳಿಯುತ್ತಾರೆ.

ಅದೇ ವರ್ಷ 'ಕವನೆಂಟ್' ಎಂಬ ಅನ್ಯಗ್ರಹ ಜೀವಿಗಳ ಒಕ್ಕೂಟ ಹಾರ್ವೆಸ್ಟ್ ಗ್ರಹದ ಮೇಲೆ ದಾಳಿ ಮಾಡುತ್ತದೆ. ಬಂಡಾಯಗಾರರ ವಿರುದ್ಧ ಸಿದ್ಧಗೊಂಡ ಯೋಧರು ಮಾನವಕುಲದ ರಕ್ಷಣೆಗೆ ನಿಲ್ಲಬೇಕಾಗುತ್ತದೆ. ಕೀ ಸೆಟಿ-4 ಗ್ರಹದಲ್ಲಿ ಮ್ಯೋಲ್ನಿರ್ ಎಂಬ ಯುದ್ಧಕವಚವನ್ನು ಪಡೆದ ಬೆನ್ನಲ್ಲೇ ನಡೆದ ಕಾದಾಟದಲ್ಲಿ ಜಾನ್‌ನ ಆಪ್ತಮಿತ್ರ ಸ್ಯಾಮ್ ಪ್ರಾಣ ಬಿಡುತ್ತಾನೆ. 2552ರಲ್ಲಿ ಸಿಗ್ಮಾ ಆಕ್ಟೇನಸ್-4 ಗ್ರಹದ ಬಳಿ ಕೀಸ್ ಒಂದೇ ನೌಕೆಯೊಡನೆ ಹಲವು ಶತ್ರುನೌಕೆಗಳನ್ನು ಎದುರಿಸಿ ಜಯ ಸಾಧಿಸುತ್ತಾನೆ. ಆದರೆ ಅವನ ನೌಕೆಗೆ ಅಂಟಿಕೊಂಡ ಪತ್ತೇದಾರಿ ಸಾಧನವೊಂದು ಕವನೆಂಟ್ ಪಡೆಗೆ ರೀಚ್ ಗ್ರಹದ ದಾರಿ ತೋರಿಸುತ್ತದೆ. ಆಗಸ್ಟ್ 30ರಂದು ರೀಚ್ ಪತನಗೊಳ್ಳುತ್ತದೆ. ಜಾನ್ ಮತ್ತು ಕೊರ್ಟಾನಾ ಎಂಬ ಕೃತಕ ಬುದ್ಧಿಮತ್ತೆಯನ್ನು ಹೊತ್ತ 'ಪಿಲ್ಲರ್ ಆಫ್ ಆಟಮ್' ನೌಕೆ ಪಾರಾಗಿ ಉಂಗುರಾಕಾರದ ವಿಚಿತ್ರ ಜಗತ್ತೊಂದನ್ನು ತಲುಪುವಲ್ಲಿಗೆ ಕಾದಂಬರಿ ಮುಗಿಯುತ್ತದೆ. ಆಟ ಅಲ್ಲಿಂದ ಆರಂಭವಾಗುತ್ತದೆ.

ರೀಚ್ ಕಾಲ್ಪನಿಕ ಗ್ರಹವಾದರೂ ಅದು ಸುತ್ತುವ ಎಪ್ಸಿಲಾನ್ ಎರಿಡಾನಿ ನಿಜವಾದ ನಕ್ಷತ್ರ. ಅದು ಭೂಮಿಯಿಂದ ಸುಮಾರು 10.5 ಜ್ಯೋತಿರ್ವರ್ಷಗಳ ದೂರದಲ್ಲಿದೆ.

ಓದುಗರ ಅಭಿಪ್ರಾಯಗಳು

ಮೆಚ್ಚುಗೆ

ಆಟವನ್ನು ಆಡಿ ಕಾದಂಬರಿಗೆ ಬಂದ ಓದುಗರು ಸಾಮಾನ್ಯವಾಗಿ ಮೆಚ್ಚುವುದು ಮೊದಲ ಭಾಗದ ತರಬೇತಿಯ ಅಧ್ಯಾಯಗಳನ್ನು. ಓಟದ ಪರೀಕ್ಷೆಯೊಂದರಲ್ಲಿ ಜಾನ್ ಎಲ್ಲರಿಗಿಂತ ಮೊದಲು ಗುರಿ ಮುಟ್ಟುತ್ತಾನೆ. ಆದರೆ ಅವನ ತಂಡದ ಸ್ಯಾಮ್ ಮತ್ತು ಕೆಲ್ಲಿ ಹಿಂದುಳಿದಿದ್ದರಿಂದ ಮೂವರಿಗೂ ಆ ರಾತ್ರಿ ಊಟ ದೊರೆಯುವುದಿಲ್ಲ. ಒಬ್ಬನ ಗೆಲುವು ಗೆಲುವಲ್ಲ ಎಂಬ ಪಾಠವನ್ನು ಹಸಿವಿನ ಮೂಲಕ ಕಲಿಸುವ ಈ ಪ್ರಸಂಗವೂ, ಮಕ್ಕಳನ್ನು ನಕ್ಷೆಯ ತುಣುಕುಗಳೊಡನೆ ಕಾಡಿನಲ್ಲಿ ಬಿಟ್ಟು ಕೊನೆಗೆ ಬಂದವನನ್ನು ಅಲ್ಲಿಯೇ ಬಿಟ್ಟುಬರುವುದಾಗಿ ಹೆದರಿಸುವ ಪ್ರಸಂಗವೂ ಓದುಗರ ನೆನಪಿನಲ್ಲಿ ಉಳಿಯುವಂಥವು. ಆಟದಲ್ಲಿ ಸೋಲರಿಯದ ಯಂತ್ರಮಾನವನಂತೆ ಕಾಣುವವನು ಇಲ್ಲಿ ಹೆದರುವ, ತಪ್ಪುವ, ಕಲಿಯುವ ಬಾಲಕನಾಗಿ ಕಾಣುತ್ತಾನೆ.

ಬಾಹ್ಯಾಕಾಶ ಯುದ್ಧಗಳ ಚಿತ್ರಣ ಎರಡನೆಯ ಮೆಚ್ಚುಗೆಗೆ ಪಾತ್ರವಾಗಿದೆ. ಕೀಸ್ ಗ್ರಹದ ಗುರುತ್ವವನ್ನು ಬಳಸಿ ನೌಕೆಯನ್ನು ತಿರುಗಿಸಿ, ತನ್ನನ್ನು ಬೆನ್ನಟ್ಟಿದ ಪ್ಲಾಸ್ಮಾ ಅಸ್ತ್ರ ಶತ್ರುವಿನ ನೌಕೆಗೇ ಬಡಿಯುವಂತೆ ಮಾಡುವ ತಂತ್ರವು 'ಕೀಸ್ ಲೂಪ್' ಎಂದು ಅಭಿಮಾನಿಗಳಲ್ಲಿ ಪ್ರಸಿದ್ಧವಾಗಿದೆ. ಮಾನವಪಡೆಯ ಶಸ್ತ್ರಬಲ ಕಡಿಮೆಯೆಂಬುದನ್ನು ಲೇಖಕರು ಮೊದಲಿಗೇ ಸ್ಥಾಪಿಸುವುದರಿಂದ, ಗೆಲುವು ಬಲದಿಂದಲ್ಲ, ಲೆಕ್ಕಾಚಾರದಿಂದ ಬರುತ್ತದೆ. ಅದೇ ಗೆಲುವು ರೀಚ್‌ನ ನಾಶಕ್ಕೆ ಕಾರಣವಾಗುವುದು ಕಥೆಯ ಅತ್ಯಂತ ಬಲವಾದ ವ್ಯಂಗ್ಯ.

ಟೀಕೆ

ಕಾದಂಬರಿಯ ಭಾಷೆ ವರದಿಯಂತೆ ನೇರ ಮತ್ತು ಸರಳ. ಪ್ರತಿ ಅಧ್ಯಾಯದ ತಲೆಯಲ್ಲಿ ದಿನಾಂಕ, ಸಮಯ ಮತ್ತು ಸ್ಥಳದ ನಮೂದು ಇರುತ್ತದೆ. ಇದರಿಂದ ಓದಿಗೆ ವೇಗ ಬರುತ್ತದೆಯೆಂದು ಕೆಲವರು ಒಪ್ಪಿದರೆ, ವರ್ಣನೆಗೆ ಅವಕಾಶವಿಲ್ಲದೆ ಗದ್ಯ ಒಣಗಿದೆಯೆಂದು ಬೇರೆಯವರು ಆಕ್ಷೇಪಿಸುತ್ತಾರೆ. ಜಾನ್, ಹಾಲ್ಸಿ, ಕೀಸ್ ಮತ್ತು ಮೆಂಡೆಜ್ ಪಾತ್ರಗಳನ್ನು ಬಿಟ್ಟರೆ ಉಳಿದವು ತೆಳುವಾಗಿವೆ ಎಂಬುದು ಇನ್ನೊಂದು ಟೀಕೆ. ಸ್ಪಾರ್ಟನ್ ಯೋಧರಲ್ಲಿ ಅನೇಕರು ಹೆಸರು ಮತ್ತು ಸಂಖ್ಯೆಗಿಂತ ಮುಂದೆ ಬೆಳೆಯುವುದಿಲ್ಲ. ಆದ್ದರಿಂದ ಕೊನೆಯ ಯುದ್ಧದಲ್ಲಿ ಅವರು ಅಳಿಯುವಾಗ ಓದುಗನಿಗೆ ಆಗಬೇಕಾದಷ್ಟು ದುಃಖ ಆಗುವುದಿಲ್ಲ.

ಕಥೆ 2525ರಿಂದ 2552ಕ್ಕೆ ಒಮ್ಮೆಲೇ ಜಿಗಿಯುವುದೂ ಟೀಕೆಗೆ ಒಳಗಾಗಿದೆ. ಇಪ್ಪತ್ತೇಳು ವರ್ಷಗಳ ಯುದ್ಧದಲ್ಲಿ ಬಾಲಕನು ಪ್ರೌಢನಾದ ಬಗೆ ಓದುಗನ ಊಹೆಗೆ ಬಿಟ್ಟದ್ದು. ಶತ್ರುಗಳ ನಂಬಿಕೆ, ಸಮಾಜ, ಯುದ್ಧದ ಉದ್ದೇಶ ಇಲ್ಲಿ ಹೆಚ್ಚಾಗಿ ಬೆಳಕಿಗೆ ಬರುವುದಿಲ್ಲ. ಅವರು ಬಹುಮಟ್ಟಿಗೆ ಮುಖವಿಲ್ಲದ ಎದುರಾಳಿಗಳಾಗಿಯೇ ಉಳಿಯುತ್ತಾರೆ. ಆಟವನ್ನು ಆಡದ ಓದುಗರಿಗೆ ಮೊದಲರ್ಧ ಪೂರ್ಣ ಕಥೆಯಾಗಿ ದಕ್ಕಿದರೂ, ಅಂತ್ಯವು ಮುಗಿಯದ ವಾಕ್ಯದಂತೆ ತೋರುತ್ತದೆ. ಪೂರ್ವಕಥೆಯಾಗಿ ಬರೆದ ಕೃತಿಗೆ ಇದು ಸಹಜವಾದ ಮಿತಿ.

ನೈತಿಕ ಪ್ರಶ್ನೆ

ಕೃತಿಯ ಬಗ್ಗೆ ಗಂಭೀರ ಭಿನ್ನಾಭಿಪ್ರಾಯ ಇರುವುದು ಹಾಲ್ಸಿಯ ಯೋಜನೆಯ ವಿಷಯದಲ್ಲಿ. ಒಂದು ಗುಂಪಿನ ಓದುಗರ ಪ್ರಕಾರ, ಸ್ಪಾರ್ಟನ್ ಯೋಧರಿಲ್ಲದಿದ್ದರೆ ಮಾನವಕುಲವೇ ಉಳಿಯುತ್ತಿರಲಿಲ್ಲ. ಆದ್ದರಿಂದ 75 ಮಕ್ಕಳ ಬಾಲ್ಯವು ಕೋಟ್ಯಂತರ ಜೀವಗಳಿಗೆ ತೆತ್ತ ಬೆಲೆ. ಇದಕ್ಕೆ ಎದುರಾಗಿ ಹೇಳಲಾಗುವ ಮುಖ್ಯ ವಾದ ಕಾಲಕ್ರಮವನ್ನು ಆಧರಿಸಿದೆ. ಮಕ್ಕಳನ್ನು ಅಪಹರಿಸಿದ್ದು 2517ರಲ್ಲಿ, ಕವನೆಂಟ್ ದಾಳಿ ನಡೆದದ್ದು 2525ರಲ್ಲಿ. ಅಪಹರಣದ ಹೊತ್ತಿನಲ್ಲಿ ಎದುರಿಗಿದ್ದವರು ಅನ್ಯಗ್ರಹದ ಶತ್ರುಗಳಲ್ಲ, ಭೂಮಿಯ ಆಡಳಿತವನ್ನು ಒಪ್ಪದ ಮನುಷ್ಯರು. ಅನಂತರ ಬಂದ ಆಪತ್ತು ಮೊದಲು ಮಾಡಿದ ತಪ್ಪಿಗೆ ಸಮರ್ಥನೆಯಾಗಲಾರದು ಎಂಬುದು ಈ ವಾದದ ತಿರುಳು.

ಕಾದಂಬರಿ ಯಾವ ಪಕ್ಷವನ್ನೂ ನೇರವಾಗಿ ವಹಿಸುವುದಿಲ್ಲ. ಹಾಲ್ಸಿಗೆ ತಾನು ಮಾಡುತ್ತಿರುವುದು ತಪ್ಪೆಂಬ ಅರಿವಿದೆ, ಆದರೂ ಮುಂದುವರಿಯುತ್ತಾಳೆ. ಶಸ್ತ್ರಚಿಕಿತ್ಸೆಯಲ್ಲಿ ಸತ್ತ ಮಕ್ಕಳ ಅಂತ್ಯಕ್ರಿಯೆಯ ಬಳಿಕ, ಸೈನಿಕನ ಜೀವವನ್ನು ಸಾರ್ಥಕವಾಗಿ ವ್ಯಯಿಸುವುದಕ್ಕೂ ವ್ಯರ್ಥ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಮೆಂಡೆಜ್ ಜಾನ್‌ಗೆ ತಿಳಿಸುತ್ತಾನೆ. ಈ ವಿಚಾರ ಜಾನ್‌ನನ್ನು ಕೊನೆಯವರೆಗೂ ಹಿಂಬಾಲಿಸುತ್ತದೆ. ಆದರೆ ಆ ಮಕ್ಕಳ ಜೀವ ಯಾರದು, ಅದನ್ನು ವ್ಯಯಿಸುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆಯನ್ನು ಕೃತಿಯಲ್ಲಿ ಯಾರೂ ಕೇಳುವುದಿಲ್ಲ. ತಮ್ಮ ಮಗುವೆಂದೇ ನಂಬಿ ತದ್ರೂಪಿಯ ಸಾವಿಗೆ ಅತ್ತ ತಂದೆತಾಯಿಯರೂ ಕಥೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಈ ಮೌನ ಲೇಖಕರ ಕೊರತೆಯೋ, ಉದ್ದೇಶವೋ ಎಂಬುದರ ಬಗ್ಗೆ ಓದುಗರಲ್ಲಿ ಒಮ್ಮತವಿಲ್ಲ.

ಸಶಸ್ತ್ರ ಸಂಘರ್ಷಗಳಲ್ಲಿ ಮಕ್ಕಳನ್ನು ತೊಡಗಿಸುವುದರ ವಿರುದ್ಧ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆ ಅಂಗೀಕಾರವಾದದ್ದು 2000ದ ಮೇ 25ರಂದು. ಜಾರಿಗೆ ಬಂದದ್ದು 2002ರ ಫೆಬ್ರವರಿ 12ರಂದು. ಕಾದಂಬರಿ ಹೊರಬಂದದ್ದು ಈ ಎರಡು ದಿನಾಂಕಗಳ ನಡುವೆ.

ಇತರ ಕೃತಿಗಳೊಂದಿಗೆ ಹೋಲಿಕೆ

ಓದುಗರು ಈ ಕೃತಿಯನ್ನು ಹೆಚ್ಚಾಗಿ ಆರ್ಸನ್ ಸ್ಕಾಟ್ ಕಾರ್ಡ್ ಅವರ 'ಎಂಡರ್ಸ್ ಗೇಮ್' (1985) ಕಾದಂಬರಿಯೊಂದಿಗೆ ಹೋಲಿಸುತ್ತಾರೆ. ಎರಡರಲ್ಲಿಯೂ ಅಸಾಧಾರಣ ಬುದ್ಧಿಯ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಯುದ್ಧಕ್ಕೆ ತಯಾರು ಮಾಡಲಾಗುತ್ತದೆ. ಆದರೆ ಎಂಡರ್ ತನ್ನ ಕೈಯಿಂದ ನಡೆದ ವಿನಾಶದ ಅರಿವಾದಾಗ ಪಶ್ಚಾತ್ತಾಪದಿಂದ ಬೇಯುತ್ತಾನೆ. ಜಾನ್ ತನ್ನ ಪಾಲಿಗೆ ಬಂದ ಬದುಕನ್ನು ಕರ್ತವ್ಯವೆಂದು ಸ್ವೀಕರಿಸುತ್ತಾನೆ. ಯುದ್ಧಕವಚ ತೊಟ್ಟ ಯೋಧರ ಕಲ್ಪನೆಗೆ ರಾಬರ್ಟ್ ಹೈನ್‌ಲೈನ್ ಅವರ 'ಸ್ಟಾರ್‌ಶಿಪ್ ಟ್ರೂಪರ್ಸ್' (1959) ಪೂರ್ವಸೂರಿಯಾಗಿದೆ. ಅಲ್ಲಿ ಸೈನಿಕರು ಸ್ವಇಚ್ಛೆಯಿಂದ ಸೇರುತ್ತಾರೆ. ವಿಯೆಟ್ನಾಂ ಯುದ್ಧದಲ್ಲಿ ಭಾಗವಹಿಸಿದ್ದ ಜೋ ಹಾಲ್ಡ್‌ಮನ್ ಬರೆದ 'ದಿ ಫಾರೆವರ್ ವಾರ್' (1974) ಕೃತಿಯಲ್ಲಿರುವ ಯುದ್ಧದ ನಿರರ್ಥಕತೆಯ ಅರಿವು ನೈಲಂಡ್ ಅವರಲ್ಲಿ ಅಷ್ಟಾಗಿ ಇಲ್ಲವೆಂಬ ಅಭಿಪ್ರಾಯವೂ ಇದೆ.

2010ರ ಆಟ ಮತ್ತು ಕಥಾವಿರೋಧಗಳು

2010ರ ಸೆಪ್ಟೆಂಬರ್ 14ರಂದು ಬಂಜಿ ಸಂಸ್ಥೆ 'ಹ್ಯಾಲೋ: ರೀಚ್' ಎಂಬ ಆಟವನ್ನು ಬಿಡುಗಡೆ ಮಾಡಿತು. ಅದೇ ಪತನದ ಕಥೆಯನ್ನು ಅದು 'ನೋಬಲ್' ಎಂಬ ಬೇರೊಂದು ತಂಡದ ಕಣ್ಣಿನಿಂದ ಹೇಳುತ್ತದೆ. ಕಾದಂಬರಿಯಲ್ಲಿ ಆಗಸ್ಟ್ 30ರ ಹಠಾತ್ ದಾಳಿಯಲ್ಲಿ ರೀಚ್ ಬೀಳುತ್ತದೆ. ಆಟದಲ್ಲಿ ಕವನೆಂಟ್ ಪಡೆ ಜುಲೈನಲ್ಲಿಯೇ ಗ್ರಹದ ಮೇಲೆ ಕಾಣಿಸಿಕೊಳ್ಳುತ್ತದೆ. ಕಾದಂಬರಿಯಲ್ಲಿ ಬಾಹ್ಯಾಕಾಶದಲ್ಲಿದ್ದ 'ಪಿಲ್ಲರ್ ಆಫ್ ಆಟಮ್' ಆಟದಲ್ಲಿ ಗ್ರಹದ ನೆಲದಿಂದ ಮೇಲೇರುತ್ತದೆ.

ಕಾದಂಬರಿಯನ್ನು ಪ್ರಮಾಣವೆಂದು ಒಂಬತ್ತು ವರ್ಷ ನಂಬಿದ್ದ ಓದುಗರಲ್ಲಿ ಇದು ಅಸಮಾಧಾನ ಮೂಡಿಸಿತು. ಮೂಲ ಆಟದ ನಿರ್ಮಾಪಕರಿಗೇ ಕಥೆಯನ್ನು ಬದಲಿಸುವ ಅಧಿಕಾರವಿದೆ ಎಂದು ಕೆಲವರು ವಾದಿಸಿದರೆ, ಪಾತ್ರಗಳಿಗೆ ಜೀವ ತುಂಬಿದ ಪುಸ್ತಕವನ್ನು ಕಡೆಗಣಿಸಲಾಯಿತು ಎಂದು ಇತರರು ಭಾವಿಸಿದರು. ಎರಡನ್ನೂ ಹೊಂದಿಸುವ ಪ್ರಯತ್ನವಾಗಿ ಆಟದ ವಿಶೇಷ ಆವೃತ್ತಿಯೊಡನೆ ಹಾಲ್ಸಿಯ ದಿನಚರಿಯೆಂಬ ಪುಸ್ತಿಕೆಯನ್ನು ನೀಡಲಾಯಿತು.

ಮರುಮುದ್ರಣ ಮತ್ತು ರೂಪಾಂತರಗಳು

2010ರ ಆಗಸ್ಟ್‌ನಲ್ಲಿ ಟಾರ್ ಪ್ರಕಾಶನ ಕಾದಂಬರಿಯನ್ನು ಹೆಚ್ಚುವರಿ ಬರಹಗಳೊಂದಿಗೆ ಮರುಮುದ್ರಿಸಿತು. ಮಾರ್ವೆಲ್ ಸಂಸ್ಥೆ ಇದನ್ನು ಚಿತ್ರಕಥೆಯ ರೂಪಕ್ಕೆ ತಂದಿತು. 2015ರಲ್ಲಿ ಇದೇ ಹೆಸರಿನ ಅನಿಮೇಷನ್ ಕಿರುಸರಣಿ ತೆರೆಕಂಡಿತು. 2022ರಲ್ಲಿ ಆರಂಭವಾದ 'ಹ್ಯಾಲೋ' ದೂರದರ್ಶನ ಸರಣಿಯು ಮಕ್ಕಳ ಅಪಹರಣ ಮತ್ತು ತದ್ರೂಪಿಗಳ ಪ್ರಸಂಗವನ್ನು ಕಥೆಯ ಕೇಂದ್ರಕ್ಕೆ ತಂದಿತು. 2024ರ ಎರಡನೆಯ ಭಾಗದಲ್ಲಿ ರೀಚ್‌ನ ಪತನವನ್ನು ಚಿತ್ರಿಸಿತು.

ನಂತರದ ಕಾದಂಬರಿಗಳು

ಈ ಕೃತಿಯ ಬಳಿಕ ವಿಲಿಯಂ ಡೀಟ್ಸ್ ಅವರ 'ದಿ ಫ್ಲಡ್' (2003), ನೈಲಂಡ್ ಅವರ 'ಫರ್ಸ್ಟ್ ಸ್ಟ್ರೈಕ್' (2003) ಮತ್ತು 'ಗೋಸ್ಟ್ಸ್ ಆಫ್ ಓನಿಕ್ಸ್' (2006) ಪ್ರಕಟವಾದವು. ಇವುಗಳಲ್ಲಿ 'ದಿ ಫ್ಲಡ್' ಮೊದಲ ಆಟದ ಕಥೆಯನ್ನೇ ಹೇಳುತ್ತದೆ. 'ಫರ್ಸ್ಟ್ ಸ್ಟ್ರೈಕ್' ರೀಚ್‌ನಲ್ಲಿ ಉಳಿದುಹೋದ ಸ್ಪಾರ್ಟನ್ ಯೋಧರ ಕಥೆಯನ್ನು ಮುಂದುವರಿಸುತ್ತದೆ. ಸರಣಿಯನ್ನು ಓದಲು ಬಯಸುವವರು ಸಾಮಾನ್ಯವಾಗಿ 'ದಿ ಫಾಲ್ ಆಫ್ ರೀಚ್' ಕೃತಿಯಿಂದಲೇ ಆರಂಭಿಸುತ್ತಾರೆ.