ಆರು ತಲೆಗಳು, ಒಂದು ಕಾನೂನು

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದ ವರ್ಷ, ಚಳಿಗಾಲದ ರಜೆಯಲ್ಲಿ ಯೆಲ್ಲೋಸ್ಟೋನ್ ನೋಡೋಕೆ ಹೋಗಿದ್ದೆ. ಆ ಕಾಲದಲ್ಲಿ ಅಲ್ಲಿ ಮಾಮೂಲಿ ಕಾರು ಓಡೋದು ಹೆಚ್ಚುಕಮ್ಮಿ ಒಂದೇ ರಸ್ತೆಯಲ್ಲಿ, ಉತ್ತರದ ಗಾರ್ಡಿನರ್‌ನಿಂದ ಕುಕ್ ಸಿಟಿ ಕಡೆಗೆ. ಉಳಿದದ್ದೆಲ್ಲ ಹಿಮದಡಿ. ರಸ್ತೆ ಪಕ್ಕ ಒಂದು ಬೈಸನ್ ನಿಂತಿತ್ತು, ನಮ್ಮ ಕಾಟಿಯ ದೂರದ ನೆಂಟ. ದಪ್ಪ ತಲೆಯನ್ನು ಅತ್ತ ಇತ್ತ ಬೀಸಿ ಹಿಮ ಗುಡಿಸಿ, ಅಡಿಯಲ್ಲಿದ್ದ ಒಣಹುಲ್ಲು ಮೇಯುತ್ತಿತ್ತು. ನಾನು ಕಾರಲ್ಲಿ ಹೀಟರ್ ಹಾಕಿಕೊಂಡೂ ನಡುಗುತ್ತಿದ್ದೆ. ಫೋಟೋ ತೆಗೆದೆ, ಸ್ಟೇಟಸ್ ಹಾಕಿದೆ. ಆ ಪ್ರಾಣಿ ಅಲ್ಲಿ ಉಳಿದಿರೋದರ ಹಿಂದೆ 1894ರ ಒಂದು ಚಳಿಗಾಲ ಇದೆ ಅಂತ ಗೊತ್ತಾಗಿದ್ದು ಆಮೇಲೆ, ಓದಿದಾಗ.

ಯೆಲ್ಲೋಸ್ಟೋನ್ 1872ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಆ ಕಾನೂನಿನಲ್ಲೊಂದು ದೊಡ್ಡ ತೂತಿತ್ತು: ಕದ್ದು ಬೇಟೆಯಾಡಿದವನಿಗೆ ಶಿಕ್ಷೆ ಏನು ಅಂತ ಬರೆದಿರಲಿಲ್ಲ. 1886ರಲ್ಲಿ ಸೈನ್ಯವೇ ಬಂದು ಕಾವಲು ವಹಿಸಿಕೊಂಡಿತು. ಅವರಾದರೂ ಏನು ಮಾಡ್ತಾರೆ? ಸಿಕ್ಕವನ ಸಾಮಾನು ಕಿತ್ತುಕೊಂಡು ಗಡಿಯಾಚೆ ಬಿಟ್ಟು ಬರಬೇಕು, ಅಷ್ಟೇ. ನಮ್ಮೂರಲ್ಲಿ ಬೇರೆಯವರ ಹೊಲಕ್ಕೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೀತಿದ್ರು. ದಂಡ ಕಟ್ಟಿದರೇ ಬಿಡುಗಡೆ. ಅಲ್ಲಿ ಮನುಷ್ಯರಿಗೆ ಅಷ್ಟೂ ಇರಲಿಲ್ಲ.

ಕಳ್ಳಬೇಟೆಗೆ ಚಳಿಗಾಲವೇ ಸುಗ್ಗಿ. ಆಳ ಹಿಮದಲ್ಲಿ ಬೈಸನ್ ಓಡಲಾರದು, ಸ್ಕೀ ಕಟ್ಟಿದ ಮನುಷ್ಯ ಓಡಬಲ್ಲ. ಚಳಿಗೆ ಬೆಳೆದ ದಟ್ಟ ಕೂದಲಿನಿಂದ ತಲೆಗೆ ಬೆಲೆಯೂ ಜಾಸ್ತಿ. ಬಯಲುಸೀಮೆಯ ಹಿಂಡುಗಳೆಲ್ಲ ಅಷ್ಟರಲ್ಲಿ ಮುಗಿದಿದ್ದವು. ಸಿರಿವಂತರ ಗೋಡೆಗೆ ತೂಗುಹಾಕಲು ಉಳಿದಿದ್ದ ಕಾಡು ಬೈಸನ್‌ಗಳಲ್ಲಿ ಒಂದು ಹಿಂಡು ಇಲ್ಲಿನ ಪೆಲಿಕನ್ ಕಣಿವೆಯಲ್ಲಿತ್ತು. ನೆಲದಡಿಯ ಬಿಸಿಯಿಂದ ಅಲ್ಲಲ್ಲಿ ಹಿಮ ಕಡಿಮೆ, ಹಾಗಾಗಿ ಅವು ಅಲ್ಲೇ ಚಳಿಗಾಲ ಕಳೆಯುತ್ತಿದ್ದವು.

1894ರ ಮಾರ್ಚ್ 13. ಸ್ಕೌಟ್ ಫೆಲಿಕ್ಸ್ ಬರ್ಜೆಸ್ ಮತ್ತು ಒಬ್ಬ ಸಾರ್ಜೆಂಟ್ ಸ್ಕೀಯಲ್ಲಿ ಗಸ್ತು ಹೊರಟಿದ್ದರು. ಮರಕ್ಕೆ ತೂಗಿದ್ದ ಆರು ಬೈಸನ್ ತಲೆಗಳು ಕಂಡವು. ಮುಂದೆ ಹೋದರೆ ಗುಂಡಿನ ಸದ್ದು. ದೂರದಲ್ಲಿ ಎಡ್ಗರ್ ಹೊವೆಲ್ ಬಗ್ಗಿ ಚರ್ಮ ಸುಲಿಯುತ್ತಿದ್ದ. ಸುಮಾರು 400 ಗಜ ಬಟ್ಟಬಯಲು. ಅವನ ಹತ್ತಿರ ರೈಫಲ್, ಬರ್ಜೆಸ್ ಕೈಯಲ್ಲಿ ಬರೀ ರಿವಾಲ್ವರ್. ಆದರೂ ಬಯಲು ದಾಟಿದ. ಗಾಳಿಯ ಅಬ್ಬರಕ್ಕೆ ಹೊವೆಲ್‌ಗೂ ಕೇಳಲಿಲ್ಲ, ಅವನ ನಾಯಿಗೂ ಕೇಳಲಿಲ್ಲ. ಹಿಡಿದದ್ದಾಯ್ತು. ಆ ಪಯಣದ ಚಳಿಗೆ ಬರ್ಜೆಸ್ ಕಾಲಿನ ಬೆರಳು ಕಳೆದುಕೊಂಡ.

ಹೊವೆಲ್‌ಗೆ ಮಾತ್ರ ಭಯವೇ ಇರಲಿಲ್ಲ. ಸಿಗೋದು 2000 ಡಾಲರ್, ಕಳೆದುಕೊಳ್ಳೋದು 26 ಡಾಲರ್ 75 ಸೆಂಟ್‌ನ ಸಾಮಾನು ಅಂತ ಲೆಕ್ಕ ಒಪ್ಪಿಸಿದ. ಆದರೆ ಈ ಲೆಕ್ಕ ಕೇಳಿಸಿಕೊಂಡವರು ಬರೀ ಸೈನಿಕರಲ್ಲ. 'ಫಾರೆಸ್ಟ್ ಅಂಡ್ ಸ್ಟ್ರೀಮ್' ಪತ್ರಿಕೆಯ ಎಮರ್ಸನ್ ಹಫ್, ಚಳಿಗಾಲದ ಪ್ರಾಣಿಗಳ ಬಗ್ಗೆ ಬರೆಯಲು ಅದೇ ಸಮಯಕ್ಕೆ ಅಲ್ಲಿಗೆ ಬಂದಿದ್ದ. ಸುದ್ದಿ ಪೂರ್ವಕ್ಕೆ ಮುಟ್ಟಿತು. ಸಂಪಾದಕ ಜಾರ್ಜ್ ಬರ್ಡ್ ಗ್ರಿನ್ನೆಲ್ ಅದನ್ನು ಹಿಡಿದು ವಾಷಿಂಗ್ಟನ್ನಿನಲ್ಲಿ ಒತ್ತಡ ಹಾಕಿದ. ಮೇ 7ಕ್ಕೆ, ಅಂದರೆ ಎರಡು ತಿಂಗಳೂ ತುಂಬುವ ಮೊದಲೇ, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಲೇಸಿ ಮಸೂದೆಗೆ ಸಹಿ ಹಾಕಿದ. ಬೇಟೆಯಾಡಿದರೆ 1000 ಡಾಲರ್‌ವರೆಗೆ ದಂಡ ಅಥವಾ ಎರಡು ವರ್ಷದವರೆಗೆ ಜೈಲು.

22 ವರ್ಷ ಆಗದ ಕೆಲಸ 55 ದಿನದಲ್ಲಿ ಆಯ್ತು ಅಂತ ಖುಷಿಪಡಬಹುದು. ಆದರೆ ಆ 22 ವರ್ಷಕ್ಕೆ ಬೆಲೆ ತೆತ್ತವರು ಬೇರೆ. 1902ರಲ್ಲಿ ಎಣಿಸಿದಾಗ ಸಿಕ್ಕ ಬೈಸನ್ ಸುಮಾರು ಎರಡು ಡಜನ್. ಖಾಸಗಿ ಹಿಂಡುಗಳಿಂದ 21 ಪ್ರಾಣಿಗಳನ್ನು ದುಡ್ಡು ಕೊಟ್ಟು ತಂದು ಸಾಕಬೇಕಾಯ್ತು. ಇವತ್ತು ಅಲ್ಲಿ ಕೆಲವು ಸಾವಿರ ಇವೆ.

ಆ ಕುಕ್ ಸಿಟಿ ಇದೆಯಲ್ಲ, ನಾನು ಹೀಟರ್ ಹಾಕಿಕೊಂಡು ಹೋದ ರಸ್ತೆಯ ಕೊನೆ, ಹೊವೆಲ್ ಹೊರಟು ಬಂದಿದ್ದು ಅಲ್ಲಿಂದಲೇ. ಫೋಟೋ ಇನ್ನೂ ಫೋನಲ್ಲಿದೆ. ಈಗ ನೋಡಿದಾಗಲೆಲ್ಲ ಆ ಬೈಸನ್ ಜೊತೆಗೆ ಮರಕ್ಕೆ ತೂಗಿದ್ದ ಆ ಆರೂ ನೆನಪಾಗುತ್ತವೆ.